ಬಾಣಂತಿ ಬಾಯಿಬಿಡದ ಹೆದರಿಕೆ

ಬಾವಿಕಟ್ಟೆ ದಾಟುವಾಗ ಕೂಸನ್ನು ಒಳಗೆ ಹಾಕಿಬಿಟ್ಟರೆ? ಮೀನು ಕೊಯ್ಯುವ ಮೆಟ್ಟುಗತ್ತಿ ಕಂಡರೆ ಕೈ ನಡುಕ. ಅಂಕೋಲಾ, ಕುಮಟಾ ಕಡೆಯ ಮನೆಯಲ್ಲಿ ಹೀಗೆ ಹೆದರಿದ ಬಾಣಂತಿ ಬಾವಿಯತ್ತ ಹೋಗುವುದನ್ನೇ ಬಿಡುತ್ತಾಳೆ, ಮಗುವನ್ನು ಮೀಯಿಸುವ ಕೆಲಸ ಅಮ್ಮನಿಗೆ ಬಿಡುತ್ತಾಳೆ, ರಾತ್ರಿ ಹತ್ತಾರು ಸಲ ಎದ್ದು ಉಸಿರು ನೋಡುತ್ತಾಳೆ. ಕಾರಣ ಮಾತ್ರ ಹೇಳುವುದಿಲ್ಲ. ಇದು ಗೀಳು ಕಾಯಿಲೆ, ಅಂದರೆ ಒಸಿಡಿ. ಬಸುರಿನಲ್ಲೋ ಹೆರಿಗೆಯ ನಂತರವೋ ಹೊಸದಾಗಿ ಶುರುವಾಗಬಹುದು, ಮೊದಲೇ ಇದ್ದದ್ದು ಜೋರಾಗಬಹುದು.

ಇದನ್ನು ಯಾರೂ ಕೇಳದಿರುವುದಕ್ಕೆ ಹಿನ್ನೆಲೆಯಿದೆ. ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲೇ ಬಸುರಿ, ಬಾಣಂತಿಯರ ಮನೋರೋಗಗಳ ಬಗ್ಗೆ ಗ್ರಂಥ ಬರೆದ. ಆಮೇಲೆ ವೈದ್ಯಲೋಕದ ಕಣ್ಣು ಬಹುಕಾಲ ಬಾಣಂತಿ ಸನ್ನಿಯ ಮೇಲೆ, ನಂತರ ಖಿನ್ನತೆಯ ಮೇಲೆ ನಿಂತಿತು. ಬಾಣಂತಿಯ ಖಿನ್ನತೆ ಗುರುತಿಸಲು 1987ರಲ್ಲಿ ಬಂದ ಎಡಿನ್‌ಬರೋ ಪ್ರಶ್ನಾವಳಿಯ 10 ಪ್ರಶ್ನೆಗಳಲ್ಲಿ ಅಳು, ನಿದ್ದೆ, ಆತಂಕ ಎಲ್ಲ ಇವೆ. ಮಗುವಿನ ಬಗ್ಗೆ ಬೇಡದ ಯೋಚನೆ ಬರುತ್ತದೆಯೇ ಎಂಬುದಿಲ್ಲ. ಮನೋರೋಗಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5, ಒಸಿಡಿಗೆ ಪ್ರತ್ಯೇಕ ಅಧ್ಯಾಯ ಕೊಟ್ಟರೂ, ‘ಹೆರಿಗೆಯ ಆಸುಪಾಸಿನಲ್ಲಿ ಶುರುವಾದದ್ದು’ ಎಂಬ ಗುರುತನ್ನು ಅದಕ್ಕೆ ಕೊಡಲಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕು: ಅಮೆ (ಹೆರಿಗೆಯ ಸೂತಕ), ಮಡಿ-ಮೈಲಿಗೆಯ ನಡುವೆ ಕೈ ತೊಳೆಯುವ ಗೀಳು ಕಣ್ಣಿಗೇ ಬೀಳುವುದಿಲ್ಲ. ಶಿರಸಿ ಕಡೆಯ ಮನೆಗಳಲ್ಲಿ ಅದನ್ನು ಅಚ್ಚುಕಟ್ಟು ಎಂದು ಹೊಗಳುವುದೂ ಉಂಟು. ಅಮೆ ಕಳೆಯಲು ಇಂತಿಷ್ಟು ದಿನ ಎಂದಿದೆ. ಗೀಳಿಗೆ ಆ ಲೆಕ್ಕವಿಲ್ಲ. ಚರ್ಮ ಸುಲಿದರೂ ‘ಸಾಕು’ ಅನಿಸುವುದಿಲ್ಲ.

ಅತಿ ಹೆಚ್ಚು ಹಾನಿ ಆಗುವುದು ಇದನ್ನು ಸನ್ನಿ ಎಂದು ತಪ್ಪು ತಿಳಿದು ಕೂಸನ್ನು ಕಿತ್ತುಕೊಂಡಾಗ. ಒಸಿಡಿಯಲ್ಲಿ ತಾಯಿಗೆ ತನ್ನ ಯೋಚನೆಯೇ ಅಸಹ್ಯ, ಅದಕ್ಕೇ ತಪ್ಪಿಸಿಕೊಂಡು ಓಡಾಡುತ್ತಾಳೆ. ಇಂಥ ಯೋಚನೆ ಕ್ಷಣಕಾಲ ಸುಳಿಯುವುದು ಹೊಸ ತಾಯಂದಿರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ; ಅದು ಬಿಡದೆ ಕಾಡಿ ದಿನ ಕೆಡಿಸಿದಾಗ ರೋಗ. ಸನ್ನಿಯ ಕಥೆ ಬೇರೆ. ಸಾವಿರ ಹೆರಿಗೆಗೆ ಒಂದೆರಡರಲ್ಲಿ ಅದು ಕಾಣಿಸುತ್ತದೆ. ನಿದ್ದೆಯೇ ಬೇಡವಾಗುವುದು, ಇಲ್ಲದ ದನಿ ಕೇಳುವುದು, ಮಗುವನ್ನು ದೆವ್ವವೆಂದು ನಂಬುವುದು ಕಂಡರೆ ತಾಯಿ, ಮಗು ಇಬ್ಬರನ್ನೇ ಬಿಡದೆ ಅದೇ ದಿನ ಆಸ್ಪತ್ರೆ ಸೇರಿಸಬೇಕು.

ಗೀಳಿಗೆ ಚಿಕಿತ್ಸೆಯ ದಾರಿ ತೆರೆದದ್ದು 1966ರಲ್ಲಿ, ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಅವರಿಂದ. ಈಗ ಅದನ್ನು ಮಾಡುವುದು ಹೀಗೆ: ಹೆದರಿಕೆಗಳ ಪಟ್ಟಿ ಮಾಡಿ, ಒಂದೊಂದಕ್ಕೂ 0ಯಿಂದ 100ರವರೆಗೆ ಅಂಕ ಕೊಟ್ಟು, ಮೂವತ್ತು-ನಲವತ್ತರದ್ದನ್ನು ಮೊದಲು ಎದುರಿಸುವುದು. ಕೂಸನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ನಿಲ್ಲುವುದು. ಕತ್ತಿ ಬಚ್ಚಿಡುವಂತಿಲ್ಲ, ‘ನಾನೇನೂ ಮಾಡೋದಿಲ್ಲ ಅಲ್ವಾ?’ ಎಂದು ಕೇಳುವಂತಿಲ್ಲ. ದಿನಾ ಮಾಡುತ್ತ ಬಂದರೆ ಹೆದರಿಕೆಯ ಬಲ ಕುಗ್ಗುತ್ತದೆ. ಇದನ್ನು ತರಬೇತಾದವರ ಜೊತೆಗೇ ಮಾಡಬೇಕು. ಇದು ಕೆಡುವುದು ಹೆಚ್ಚಾಗಿ ಮನೆಯವರ ಪ್ರೀತಿಯಿಂದಲೇ: ಕೇಳಿದಾಗಲೆಲ್ಲ ‘ಏನೂ ಆಗೋದಿಲ್ಲ ಮಗಾ’ ಎನ್ನುತ್ತಾರೆ. ಆ ಸಮಾಧಾನ ಗಳಿಗೆಯಷ್ಟೇ, ಪ್ರಶ್ನೆ ಮತ್ತೆ ಬರುತ್ತದೆ.

ಗೀಳಿಗೆ ಕೊಡುವ ಸರ್ಟ್ರಲೀನ್‌ನಂಥ ಮಾತ್ರೆ ಎದೆಹಾಲಿಗೆ ಸೇರುವುದು ಬಹಳ ಕಡಿಮೆ. ಒಸಿಡಿಯಲ್ಲಿ ಅದರ ಗುಣ ತಿಳಿಯಲು 8ರಿಂದ 12 ವಾರ ಬೇಕು. ಮೂರನೇ ವಾರಕ್ಕೇ ಬಿಟ್ಟವರಿಗೆ ಔಷಧ ಸೋತಂತೆ ಕಾಣುತ್ತದೆ. ಬಸುರಿ ಎಂದು ತಿಳಿದ ಕೂಡಲೇ ವೈದ್ಯರನ್ನು ಕೇಳದೆ ನಿಲ್ಲಿಸುವುದೂ ಅಪಾಯ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಒಟ್ಟಿಗಿರುವ ವಾರ್ಡು ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಆದರೆ ಉತ್ತರ ಕನ್ನಡ ಜಿಲ್ಲೆಯ ಬಾಣಂತಿಯನ್ನು ಮೊದಲು ಕಾಣುವವರು ಆಶಾ ಕಾರ್ಯಕರ್ತೆಯರು. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ 3, 7, 14, 21, 28, 42ನೇ ದಿನ ಬರುತ್ತಾರೆ. ಮಗುವನ್ನು ತೂಗುವಾಗಲೇ, ಅತ್ತೆ ಒಳಗೆ ಹೋದ ಹೊತ್ತು ನೋಡಿ ಕೇಳಬಹುದು: ‘ಬೇಡ ಅಂದ್ರೂ ಮಗುವಿನ ಬಗ್ಗೆ ಹೆದರಿಕೆ ಯೋಚನೆ ಬರ್ತದಾ? ತುಂಬಾ ತಾಯಂದಿರಿಗೆ ಬರ್ತದೆ.’ ಹೌದೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ, ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕೂಸಿನ ಸಮೇತವೇ ಕಳಿಸಬೇಕು.