ಜಪಾನಿನ ಹಳೆಯ ಕತ್ತಿಯನ್ನು ನೋಡುವ ಕ್ರಮ: ಸಹಿ ಕೊನೆಗೆ

ಹಳೆಯ ಜಪಾನಿ ಕತ್ತಿ ಕಂಡರೆ ನಾವೆಲ್ಲ ಮೊದಲು ಕೇಳುವುದು ‘ಮಾಡಿದವರು ಯಾರು?’ ಅಂತ. ಅಲ್ಲಿನ ಕಲಿಯುವವರಿಗೆ ಈ ಪ್ರಶ್ನೆಯನ್ನು ಉಲ್ಟಾ ಹಾಕಿ ಕೊಡುತ್ತಾರೆ. ಸಹಿ ಇರುವ ಭಾಗವನ್ನು ಮುಚ್ಚಿ, ಬರೀ ಅಲಗು ತೋರಿಸಿ, ಕಾಲ ಯಾವುದು, ಊರು ಯಾವುದು, ಕಮ್ಮಾರ ಯಾರು ಅಂತ ಹೇಳಿಸುತ್ತಾರೆ. ಇದಕ್ಕೆ ಕಾಂತೇಯಿ ಎನ್ನುತ್ತಾರೆ. ನಾವೂ ಇದೇ ದಾರಿ ಹಿಡಿಯೋಣ.

ಮೊದಲು ಆಕಾರ. ಅಲಗನ್ನು ನೆಟ್ಟಗೆ ನಿಲ್ಲಿಸಿ ಸ್ವಲ್ಪ ದೂರದಿಂದ ನೋಡಿ. ಬಾಗು ಹಿಡಿಯ ಹತ್ತಿರ ಜಾಸ್ತಿ ಇದ್ದು, ತುದಿಗೆ ಹೋಗುತ್ತಾ ಅಲಗು ಸಣ್ಣಗಾದರೆ ಅದು ತಾಚಿ, ಅಂದರೆ ಕುದುರೆ ಸವಾರರ ಹಳೆಯ ಉದ್ದ ಕತ್ತಿ ಇರಬಹುದು. ಅಗಲ ಅಲಗು, ದೊಡ್ಡ ಮೊನೆ ಇದ್ದರೆ 14ನೇ ಶತಮಾನವನ್ನು ನೆನೆಯಿರಿ. ಹೆಚ್ಚುಕಡಿಮೆ ನೇರವಾಗಿದ್ದರೆ 17ನೇ ಶತಮಾನದ ನಡುಭಾಗ. ಒಂದು ತೊಡಕಿದೆ. ಉದ್ದನೆಯ ತಾಚಿಗಳನ್ನು ಮುಂದಿನವರು ಹಿಡಿಯ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿಕೊಂಡರು. ಆಗ ಮೂಲ ಬಾಗಿನ ಒಂದು ಪಾಲು ಹೋಯಿತು, ಎಷ್ಟೋ ಸಲ ಸಹಿಯೂ ಹೋಯಿತು.

ಆಮೇಲೆ ಉಕ್ಕಿನ ಮೈ, ಅಂದರೆ ಹಾದಾ. ಕಬ್ಬಿಣದ ಮರಳು ಮತ್ತು ಇದ್ದಿಲನ್ನು ತತಾರಾ ಎಂಬ ಮಣ್ಣಿನ ಕುಲುಮೆಯಲ್ಲಿ ಸುಮಾರು ಮೂರು ಹಗಲು ಮೂರು ರಾತ್ರಿ ಉರಿಸಿ ತಮಹಗನೆ ಉಕ್ಕು ತೆಗೆಯುತ್ತಾರೆ. ಶಿಮಾನೆ ಪ್ರಾಂತ್ಯದಲ್ಲಿ 1977ರಿಂದ ಮತ್ತೆ ಈ ಕೆಲಸ ನಡೆಯುತ್ತಿದೆ. ಈ ಉಕ್ಕಿನಲ್ಲಿ ಇಂಗಾಲ ಒಂದೇ ಸಮ ಇರುವುದಿಲ್ಲ, ಕಿಟ್ಟವೂ ಸೇರಿರುತ್ತದೆ. ಅದಕ್ಕೇ ಕಾಯಿಸಿ, ಬಡಿದು, ಮಡಚುತ್ತಾರೆ. 15 ಸಲ ಮಡಚಿದರೆ ಲೆಕ್ಕದಲ್ಲಿ 32,768 ಪದರ. ‘ಲಕ್ಷಾಂತರ ಸಲ ಮಡಚಿದ ಕತ್ತಿ’ ಅನ್ನುವುದೆಲ್ಲ ಸುಮ್ನೆ ಮಾತು. ಈ ಪದರಗಳೇ ಸಾಣೆ ಹಿಡಿದ ಮೇಲೆ ಮರದ ಎಳೆಯ ಹಾಗೆ ಕಾಣುತ್ತವೆ. ಎಳೆ ನೇರವಾಗಿ ಓಡಿದರೆ ಮಾಸಾಮೆ, ಅದು ಯಮಾತೊ ಸೀಮೆಯ ಕಮ್ಮಾರರ ಪರಂಪರೆಯ ಗುರುತು. ಅಲೆಅಲೆಯಾಗಿ ಹರಡಿದರೆ ಇತಾಮೆ. ನಮ್ಮ ಮೈಸೂರು ಸೀಮೆಯ ಮೂಸೆ ಉಕ್ಕಿನ ಕತ್ತಿಗಳಲ್ಲೂ ಚಿತ್ತಾರ ಇರುತ್ತದೆ ಅಲ್ವಾ? ಅದು ಬೇರೆ. ಅಲ್ಲಿ ಮಡಚುವುದೇ ಇಲ್ಲ, ಚಿತ್ತಾರ ಉಕ್ಕಿನ ಒಳಗಿಂದಲೇ ಬರುತ್ತದೆ.

ನನಗೆ ಹೆಚ್ಚು ಹಿಡಿಸುವುದು ಹಾಮೊನ್, ಅಂಚಿನ ಉದ್ದಕ್ಕೂ ಓಡುವ ಗೆರೆ. ಜೇಡಿಮಣ್ಣಿಗೆ ಇದ್ದಿಲ ಪುಡಿ, ಕಲ್ಲಿನ ಪುಡಿ ಬೆರೆಸಿ ಅಲಗಿಗೆ ಬಳಿಯುತ್ತಾರೆ. ಅಂಚಿಗೆ ತೆಳ್ಳಗೆ, ಬೆನ್ನಿಗೆ ದಪ್ಪಗೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಅಂಚು ತಟ್ಟನೆ ತಣ್ಣಗಾಗಿ ಗಟ್ಟಿ ಆಗುತ್ತದೆ, ಬೆನ್ನು ನಿಧಾನಕ್ಕೆ ತಣಿದು ಮೆದುವಾಗಿ ಉಳಿಯುತ್ತದೆ. ಗಟ್ಟಿಯಾದ ಅಂಚು ಹಿಗ್ಗುವುದರಿಂದ ಅಲಗು ಬೆನ್ನಿನ ಕಡೆಗೆ ಇನ್ನಷ್ಟು ಬಾಗುತ್ತದೆ. ಬಿರುಕು ಬಿಟ್ಟರೆ ಅಲ್ಲಿಯವರೆಗಿನ ದುಡಿಮೆಯೆಲ್ಲ ನೀರುಪಾಲು. ಗೆರೆಯಲ್ಲಿ ಕಣಗಳು ಬಿಡಿಬಿಡಿಯಾಗಿ ಮಿನುಗಿದರೆ ಅದು ನಿಯೆ, ಮಂಜಿನ ಹಾಗೆ ಕಂಡರೆ ನಿಯೊಯಿ. ಹೆಸರಾಂತ ಕಮ್ಮಾರ ಮಾಸಮುನೆಯ ಸೋಶು ಪರಂಪರೆಗೆ ನಿಯೆ, ಒಸಾಫುನೆ ಊರಿನ ಬಿಝೆನ್ ಪರಂಪರೆಗೆ ಬಹುಮಟ್ಟಿಗೆ ನಿಯೊಯಿ. ಇದನ್ನು ನೋಡಲು ಒಂದೇ ಬಲ್ಬು ಸಾಕು. ಮೊನೆಯನ್ನು ಬೆಳಕಿನ ಕಡೆಗೆ ಹಿಡಿದು ನಿಧಾನಕ್ಕೆ ಓರೆ ಮಾಡಿ. ಫೋಟೋಗಳಲ್ಲಿ ಕಾಣುವ ಬಿಳಿ ಪಟ್ಟಿಯನ್ನು ನಂಬಬೇಡಿ. ಎಷ್ಟೋ ಸಲ ಅದು ಸಾಣೆಗಾರರು ಸೇರಿಸಿದ ಬಿಳುಪು, ನಿಜವಾದ ಗೆರೆ ಅದರೊಳಗೆ ಇರುತ್ತದೆ.

ಇನ್ನು ನಕಾಗೊ, ಅಂದರೆ ಹಿಡಿಯೊಳಗೆ ಸೇರುವ ಭಾಗ. ಇಲ್ಲಿನ ಕಪ್ಪು ತುಕ್ಕನ್ನು ಉಜ್ಜಲೇಬಾರದು, ಅದು ವಯಸ್ಸಿನ ಸಾಕ್ಷಿ. ಅರದ ಗೀರು, ಗೂಟದ ತೂತು ನೋಡಿ, ಕೊನೆಗೆ ಸಹಿ ಓದಿ. 17ನೇ ಶತಮಾನದ ಕಮ್ಮಾರ ಕೊತೆತ್ಸು ಹೆಸರಿನಲ್ಲಂತೂ ನಕಲಿ ಸಹಿಗಳು ಹೇರಳ. ಮಾಸಮುನೆಯದೆಂದು ಒಪ್ಪಿಕೊಂಡ ಉದ್ದ ಕತ್ತಿಗಳಲ್ಲಿ ಹೆಚ್ಚಿನವಕ್ಕೆ ಸಹಿಯೇ ಇಲ್ಲ. ಸಹಿ ಸುಳ್ಳಾದರೂ ಅಲಗು ಒಳ್ಳೆಯದೇ ಇರಬಹುದು. ಅಂಥ ಸಹಿಯನ್ನು ಅಳಿಸಿಸಿ, ಸಹಿಯಿಲ್ಲದ ಕತ್ತಿ ಅಂತಲೇ ಮತ್ತೆ ಪರೀಕ್ಷೆಗೆ ಕಳಿಸುವುದೂ ಉಂಟು.