ಆಗಸ್ಟ್ 10ರ ಪತ್ರ ಮತ್ತು ಹೆಣ್ಣುಮಕ್ಕಳ ಪಾಲು

1951ರ ಆಗಸ್ಟ್ 10ರಂದು ಕಾನೂನು ಮಂತ್ರಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಪ್ರಧಾನಿ ನೆಹರೂ ಅವರಿಗೆ ಒಂದು ಪತ್ರ ಬರೆದರು. ವೈದ್ಯರು ಸುಮಾರು ಒಂದು ತಿಂಗಳ ಸತತ ಚಿಕಿತ್ಸೆಗೆ ಒತ್ತಾಯಿಸುತ್ತಿದ್ದಾರೆ, ಅದಕ್ಕೂ ಮುನ್ನ ಹಿಂದೂಗಳ ಮದುವೆ, ವಿಚ್ಛೇದನ, ಆಸ್ತಿ ಹಕ್ಕುಗಳಿಗೆ ದೇಶಕ್ಕೆಲ್ಲ ಒಂದೇ ಕಾನೂನು ತರುವ ಹಿಂದೂ ಸಂಹಿತೆ ಮಸೂದೆ ತೀರ್ಮಾನವಾಗಬೇಕು, ಆಗಸ್ಟ್ 16ಕ್ಕೆ ಕೈಗೆತ್ತಿಕೊಂಡರೆ ಸೆಪ್ಟೆಂಬರ್ 1ರೊಳಗೆ ಮುಗಿಸಬಹುದು, ಅದಕ್ಕಾಗಿ ದೇಹ ಎಷ್ಟು ದಣಿದರೂ ತಾವು ಸಿದ್ಧ ಎಂಬುದು ಅದರ ಸಾರ. ಒಳಗೂ ಹೊರಗೂ ವಿರೋಧವಿದೆ, ಅವಸರ ಬೇಡ, ಸೆಪ್ಟೆಂಬರ್ ಆರಂಭದಲ್ಲಿ ತೆಗೆದುಕೊಳ್ಳೋಣ ಎಂದು ನೆಹರೂ ಉತ್ತರಿಸಿದರು.

ಇಂದಿನ ಗದಗ, ಹಾವೇರಿಗಳನ್ನು ಒಳಗೊಂಡಿದ್ದ ಧಾರವಾಡ ಜಿಲ್ಲೆ ಆಗ ಮುಂಬಯಿ ರಾಜ್ಯದಲ್ಲಿತ್ತು. ಹಿಂದೂ ಗಂಡಸು ಹೆಂಡತಿಯಿರುವಾಗ ಇನ್ನೊಂದು ಮದುವೆಯಾಗುವುದನ್ನು ಮುಂಬಯಿ 1946ರಲ್ಲೇ ತಡೆದಿತ್ತು. 1947ರಲ್ಲಿ ವಿಚ್ಛೇದನಕ್ಕೂ ದಾರಿ ಮಾಡಿತ್ತು. ರಾಣೆಬೆನ್ನೂರು ದಾಟಿ ತುಂಗಭದ್ರೆಯ ಆಚೆ ಹರಿಹರಕ್ಕೆ ಹೋದರೆ ಅದು ಮೈಸೂರು ಸೀಮೆ. ಅಲ್ಲಿ 1933ರ ಕಾಯ್ದೆಯಿಂದ ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಮನೆತನದ ಆಸ್ತಿಯಲ್ಲಿ ಒಂದಿಷ್ಟು ಪಾಲು ಸಿಗುತ್ತಿತ್ತು. ಹೀಗೆ ಒಂದೇ ಮನೆಯ ಅಕ್ಕತಂಗಿಯರ ಹಕ್ಕು, ಹೊಳೆಯ ಯಾವ ದಂಡೆಗೆ ಕೊಟ್ಟಿದ್ದಾರೆ ಎಂಬುದನ್ನು ಅವಲಂಬಿಸಿತ್ತು. ಇಡೀ ದೇಶಕ್ಕೆ ಒಂದೇ ಸಂಹಿತೆ ಏಕೆ ಬೇಕಿತ್ತು ಎಂಬುದಕ್ಕೆ ನಮ್ಮ ಭಾಗಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ. 1946ರ ಕಾಯ್ದೆಯನ್ನು ಮುಂಬಯಿ ಹೈಕೋರ್ಟ್ ಎತ್ತಿಹಿಡಿದದ್ದು ಈ ಪತ್ರಕ್ಕೆ ಕೆಲವೇ ದಿನ ಮೊದಲು, 1951ರ ಜುಲೈನಲ್ಲಿ. ಆ ಪೀಠದಲ್ಲಿದ್ದ ಪಿ.ಬಿ. ಗಜೇಂದ್ರಗಡಕರ್ ಅವರ ಅಡ್ಡಹೆಸರಿನಲ್ಲೇ ಗದಗ ಜಿಲ್ಲೆಯ ಊರಿದೆ. ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು.

ಸೆಪ್ಟೆಂಬರ್‌ನಲ್ಲಿ ಮದುವೆ ಮತ್ತು ವಿಚ್ಛೇದನದ ಭಾಗವನ್ನಷ್ಟೇ ಚರ್ಚೆಗೆ ತಂದು, ನಾಲ್ಕು ಕಲಮುಗಳಾದ ಮೇಲೆ ಅದನ್ನೂ ಕೈಬಿಡಲಾಯಿತು. ಅಂಬೇಡ್ಕರ್ 27ರಂದು ರಾಜೀನಾಮೆ ಕೊಟ್ಟರು. ಈ ಮಸೂದೆಗಾಗಿಯೇ ಮಂತ್ರಿಮಂಡಲದಲ್ಲಿ ಉಳಿದಿದ್ದೆ ಎಂದರು. ವರ್ಗ ವರ್ಗಗಳ, ಹೆಣ್ಣುಗಂಡಿನ ನಡುವಿನ ಅಸಮಾನತೆಯನ್ನು ಮುಟ್ಟದೆ ಆರ್ಥಿಕ ಕಾನೂನು ಮಾಡುತ್ತಾ ಹೋಗುವುದು ತಿಪ್ಪೆಯ ಮೇಲೆ ಅರಮನೆ ಕಟ್ಟಿದಂತೆ ಎಂದೂ ಹೇಳಿದರು. ಪದವಿ ಅವರಿಗೆ ಕೆಲಸದ ಸಲಕರಣೆಯಾಗಿತ್ತು ಎಂಬುದು ಆಗಸ್ಟ್‌ನ ಪತ್ರದಲ್ಲೇ ಸ್ಪಷ್ಟವಾಗಿದೆ.

ಮಸೂದೆ ತುಂಡುತುಂಡಾಗಿ 1955 ಮತ್ತು 1956ರಲ್ಲಿ ಕಾಯ್ದೆಯಾಯಿತಾದರೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೇ ಉಳಿಯಿತು. ಕರ್ನಾಟಕ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಅದನ್ನು ಕೊಟ್ಟಿತು. 2005ರಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಡುವ ದೇಶವ್ಯಾಪಿ ತಿದ್ದುಪಡಿ ಬಂತು. ಹಕ್ಕು ಸಿಗಲು ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2020ರ ಆಗಸ್ಟ್ 11ರಂದು.

ಆದರೂ ನಮ್ಮ ಕಡೆ ವಾಟ್ನಿಯ, ಅಂದರೆ ಆಸ್ತಿ ಪಾಲಾಗುವ ದಿನ ತವರಿಗೆ ಬಂದ ಅಕ್ಕನಿಗೆ ಸೀರೆ, ಖಣ ಕೊಟ್ಟು, ಉಡಿ ತುಂಬಿ, ಸಬ್‌ ರಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾರೆ. ಉತಾರದಲ್ಲಿ (ಜಮೀನಿನ ಪಹಣಿಯಲ್ಲಿ) ತಮ್ಮಂದಿರ ಹೆಸರಷ್ಟೇ ಉಳಿಯಲೆಂದು ಅವಳು ಹೆಬ್ಬೆಟ್ಟು ಒತ್ತುತ್ತಾಳೆ. ತಾನಾಗಿ ಒಪ್ಪಿ ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರವನ್ನು 2020ರ ತೀರ್ಪು ಅಳಿಸುವುದಿಲ್ಲ.