ಹೊಟ್ಟೆ ತುಂಬಿದ ಬೆಕ್ಕು ಹೊಂಚು ಹಾಕುವುದು ಯಾಕೆ?

ಬದಿಯಡ್ಕದ ನಮ್ಮ ಮನೆಯಂಗಳದಲ್ಲಿ ಈಗ ಅಡಿಕೆ ಒಣಗಲು ಹಾಕಿದೆ. ನಿನ್ನೆ ನಮ್ಮ ಪುಚ್ಚೆ (ತುಳುವಿನಲ್ಲಿ ಬೆಕ್ಕು ಅಂದರೆ ಪುಚ್ಚೆ, ಇದರ ಹೆಸರೂ ಅದೇ) ಎರಡು ಬಂಗುಡೆ ತಲೆ ತಿಂದು, ಮುಖ ಒರೆಸಿಕೊಂಡು, ಐದೇ ನಿಮಿಷದಲ್ಲಿ ಅಡಿಕೆಯ ಬದಿಯಲ್ಲಿ ಹರಿದಾಡುತ್ತಿದ್ದ ಅರಣೆಗೆ (ಹಾವುರಾಣಿಗೆ) ಹೊಂಚು ಹಾಕಿತು. "ಈಗಷ್ಟೇ ತಿಂದದ್ದಲ್ವಾ, ಇದಕ್ಕೆಂಥ ಹಸಿವು?" ಅಂದರು ಅಜ್ಜಿ. ಪ್ರಾಣಿ ವರ್ತನೆಯ ಪಾಠದಲ್ಲಿ ಕೇಳುವುದೂ ಇದನ್ನೇ.

ಹಸಿದ ಬೆಕ್ಕು ಜಾಸ್ತಿ ಬೇಟೆಯಾಡುತ್ತದೆ, ನಿಜ. ಆದರೆ ಹೊಟ್ಟೆ ತುಂಬಿತೆಂದು ಬೇಟೆ ನಿಲ್ಲುವುದಿಲ್ಲ. 1976ರಲ್ಲಿ ಪ್ರಕಟವಾದ ರಾಬರ್ಟ್ ಅಡಮೆಕ್ ಪ್ರಯೋಗದಲ್ಲಿ, ಉಣ್ಣುತ್ತಿದ್ದ ಬೆಕ್ಕುಗಳು ಇಲಿ ಕಂಡ ಕೂಡಲೇ ಊಟ ಬಿಟ್ಟು ಹೋಗಿ, ಅದನ್ನು ಕೊಂದು, ವಾಪಸ್ ಬಂದು ಮೊದಲಿನ ಊಟವನ್ನೇ ಮುಂದುವರಿಸಿದವು. ಲೆಕ್ಕ ಸರಳ. ಒಂದು ಸಣ್ಣ ಇಲಿಯಿಂದ ದಿನದ ಹೊಟ್ಟೆ ತುಂಬುವುದಿಲ್ಲ, ಹಾರಿದಾಗೆಲ್ಲ ಸಿಗುವುದೂ ಇಲ್ಲ, ಹಸಿವಾಗಲಿ ಎಂದು ಕಾದು ಕೂತರೆ ಕೆಟ್ಟಿತು.

ಪ್ರಾಣಿ ವರ್ತನೆಯ ವಿಜ್ಞಾನಿ, ಜರ್ಮನಿಯ ಪೌಲ್ ಲೈಹೌಸನ್ ಹೇಳಿದ್ದು ಇನ್ನೂ ಚಂದ: ಹೊಂಚು, ನುಸುಳು ನಡಿಗೆ, ಹಿಡಿತ, ಕೊಲ್ಲುವ ಕಚ್ಚು, ಇವುಗಳಲ್ಲಿ ಪ್ರತಿಯೊಂದಕ್ಕೂ ಅದರದ್ದೇ ತುಡಿತ. ಒಂದು ತೀರಿತೆಂದು ಇನ್ನೊಂದು ತೀರುವುದಿಲ್ಲ. "ಬೆಕ್ಕಿಗೆ ಚೆಲ್ಲಾಟ" ಎನ್ನುವ ಗಾದೆಯೂ ಅರ್ಧವೇ ಸರಿ. ದೊಡ್ಡ ಇಲಿ ತಿರುಗಿ ಕಚ್ಚುತ್ತದೆ, ಬೆಕ್ಕು ಕೈಯಲ್ಲಿ ತಟ್ಟಿ ತಟ್ಟಿ ನೋಡುವುದರಲ್ಲಿ ಹೆದರಿಕೆಯೂ ಇದೆ.

ಈಗ ಒಂದು ಮೋಜಿನ ಪ್ರಶ್ನೆ: ಇಂಥ ಬೇಟೆಗಾರ ಜಾತಿಗೆ ನಮ್ಮಷ್ಟು ಬುದ್ಧಿ ಬಂದರೆ? ಇಂಥ ಕಥೆ ಬರೆಯುವ ಹೆಚ್ಚಿನವರು ಸುಮ್ನೆ ರಕ್ತ ಕುಡಿಯುವ ರಾಕ್ಷಸರನ್ನು ಬರೆದಿಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಆ ಬುದ್ಧಿವಂತ ಬೇಟೆಗಾರರು ಆಡು ಸಾಕಿ, ಅಂಗಡಿಯಲ್ಲಿ ಮಾಂಸ ಕೊಂಡು, ಹೊಟ್ಟೆ ತುಂಬಾ ಉಂಡು ಮಲಗಬಹುದು. ಹೊಂಚಿನ ತುಡಿತ ಮಾತ್ರ ಹಾಗೇ ಉಳಿಯುತ್ತದೆ. ಚಂದ್ರಗಿರಿ ಹೊಳೆಬದಿಯಲ್ಲಿ ಇಡೀ ಸಂಜೆ ಗಾಳ ಹಾಕಿ ಕೂತು, ಏನೂ ಸಿಗದೆ ಮಾರ್ಕೆಟಿನಿಂದ ಮೀನು ತರುವವರನ್ನು ನೋಡಿದ್ದೀರಲ್ಲ, ಹಾಗೆ ಸುಮ್ಮನೆ ಅಡಗಿ ಕೂರಲಿಕ್ಕೇ ಅವರು ದುಡ್ಡು ಕೊಟ್ಟು ಜಾಗ ಹಿಡಿದಾರು. ಒಂಟಿ ಬೇಟೆಗಾರರಾದ್ದರಿಂದ ದಂಡು ಕಟ್ಟಿ ಯುದ್ಧಕ್ಕೆ ಹೋಗುವುದು ಅನುಮಾನ. ಬೆಕ್ಕಿಗೆ ನೆಟ್ಟ ನೋಟ ಬೆದರಿಕೆಯಿದ್ದಂತೆ, ಹಾಗಾಗಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಅಲ್ಲಿ ಮರ್ಯಾದೆಗೇಡು.

ನಿನ್ನೆಯ ಅರಣೆ? ಪುಚ್ಚೆ ಬಾಲದ ತುದಿ ಮಿಡಿಸಿ, ಹಿಂಭಾಗ ಅಲುಗಿಸಿ ಹಾರಿತು. ಅರಣೆ ಬಾಲ ಕಳಚಿ ಕಲ್ಲಿನ ಸಂದಿಗೆ ನುಗ್ಗಿತು. ಒದ್ದಾಡುತ್ತಿದ್ದ ಬಾಲವನ್ನು ಪುಚ್ಚೆ ಮೂರು ಸಲ ಕಚ್ಚಿತು. ಅದು ಅಲುಗಾಟ ನಿಲ್ಲಿಸಿದ ಮೇಲೆ ಮೂಸಿ ನೋಡಿ, ಅಲ್ಲೇ ಬಿಟ್ಟು ಹೋಯಿತು.